ಕತ್ತಲೂರಿನ ಕಿಟಕಿ ದೀಪ

ಸೋದರಿಯರೇ, ಮಧ್ಯಾಹ್ನ ಮೂರಕ್ಕೆ ಮುಂಚೆಯೇ ಸೂರ್ಯ ಮುಳುಗುವ ಊರನ್ನು ಕಂಡಿದ್ದೀರಾ? ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಡಿಸೆಂಬರ್ ಅಂದ್ರೆ ಹಾಗೇ. ನಮ್ಮ ಯಜಮಾನರು ಕತ್ತಲಲ್ಲೇ ಕೆಲಸಕ್ಕೆ ಹೊರಟು ಕತ್ತಲಲ್ಲೇ ಬರುತ್ತಿದ್ದರು. ಹೊರಗೆ ಹಿಮ, ಒಳಗೆ ನಾನೊಬ್ಬಳೇ. "ನನ್ನನ್ನು ಊರಿಗೆ ಕಳಿಸಿಬಿಡಿ" ಎಂದು ಹಟ ಹಿಡಿದಿದ್ದೆ.

ಒಂದು ಸಂಜೆ ನೋಡ್ತೀನಿ, ಎದುರು ಮನೆಗಳ ಕಿಟಕಿಯಲ್ಲೆಲ್ಲ ಏಳೇಳು ದೀಪಗಳ ಸಾಲು! ಕ್ರಿಸ್‌ಮಸ್ಸಿಗೆ ನಾಲ್ಕು ವಾರ ಮೊದಲೇ ಇಡುತ್ತಾರಂತೆ. ನಮ್ಮ ಕಿಟಕಿ ಮಾತ್ರ ಕತ್ತಲು. ನಾಚಿಕೆಯಾಯಿತು. ಪರದೆ ಸರಿಸಿ, ಊರಿಂದ ತಂದಿದ್ದ ಹಿತ್ತಾಳೆ ದೀಪ ಹಚ್ಚಿಟ್ಟೆ.

ಅದನ್ನು ಕಂಡೋ ಏನೋ, ಡಿಸೆಂಬರ್ 13ರ ಬೆಳಗ್ಗೆ ಪಕ್ಕದ ಮನೆ ಅಜ್ಜಿ ಬಾಗಿಲು ತಟ್ಟಿ, ಮೊಮ್ಮಗಳ ಶಾಲೆಗೆ ಕರೆದೊಯ್ದರು. ಅಂದು ಲೂಸಿಯಾ ಹಬ್ಬ. ಹಳೇ ಪಂಚಾಂಗದ ಪ್ರಕಾರ ವರ್ಷದ ಅತಿ ದೀರ್ಘ ರಾತ್ರಿಯಂತೆ. ಬಿಳಿ ನಿಲುವಂಗಿ, ಸೊಂಟಕ್ಕೆ ಕೆಂಪು ಪಟ್ಟಿ, ತಲೆಯ ಮೇಲೆ ದೀಪಗಳ ಕಿರೀಟ ತೊಟ್ಟ ಹುಡುಗಿ ಹಾಡುತ್ತಾ ಬಂದಳು. ಆಮೇಲೆ ಎಲ್ಲರಿಗೂ ಕೇಸರಿ ಹಾಕಿ, ಒಣದ್ರಾಕ್ಷಿ ಒತ್ತಿದ ಹಳದಿ ಬನ್ನು. ಆ ಕೇಸರಿಯ ಘಮಕ್ಕೆ ಅಮ್ಮನ ಅಡಿಗೆಮನೆ ನೆನಪಾಗಿ ಕಣ್ಣು ತುಂಬಿತು.

ಮರುದಿನ ಅಜ್ಜಿಗೆ ಕೇಸರಿಭಾತು ಮಾಡಿ ಕೊಟ್ಟೆ. ಊರಿಗೆ ಹೋಗುವ ಮಾತು ಮತ್ತೆ ಎತ್ತಲಿಲ್ಲ.

ನಿಮ್ಮ ಬೀದಿಗೂ ಹೊಸಬಳು ಬಂದಿದ್ದಾಳೆಯೇ? ಒಮ್ಮೆ ಬಾಗಿಲು ತಟ್ಟಿ ನೋಡ್ರೀ.