ಪಾನಗೋಷ್ಠಿಯ ಪಾಠ

ನಾಗಸಂದ್ರದಲ್ಲಿ ನೆಲೆಸಿದ್ದ ನಿವೃತ್ತ ಹಳಗನ್ನಡ ಅಧ್ಯಾಪಕರೊಬ್ಬರು ಒಂದು ಸಂಜೆ ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿಳಿದು ಹೊರಟದ್ದು ಮದ್ಯಶಾಲೆಗೆ. ಪಂಪನ ಕುರಿತ ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು ಸಾಫ್ಟ್‌ವೇರ್ ಉದ್ಯೋಗ ಹಿಡಿದಿದ್ದ ಶಿಷ್ಯನು ಐರ್ಲೆಂಡಿಗೆ ತೆರಳುವವನಿದ್ದು, ವಿಂಡ್ಸರ್ ಹೋಟೆಲಿನ ‘ಡಬ್ಲಿನ್’ ಎಂಬ ಐರಿಷ್ ಪಬ್ಬಿಗೆ ಅವರನ್ನು ಕರೆದಿದ್ದನು. ಅವರೋ ಸೂರ್ಯಾಸ್ತದ ಬಳಿಕ ನೀರಲ್ಲದೆ ಬೇರೇನನ್ನೂ ಮುಟ್ಟದ ಶ್ರಾವಕರು.

ಇಬ್ಬರ ನಡುವೆ ಹಳೆಯ ಪ್ರಶ್ನೆಯೊಂದು ಬಾಕಿಯಿತ್ತು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಐದು ಅಣುವ್ರತಗಳೊಡನೆ ಸೇರಿಸಿ ಎಂಟು ಮೂಲಗುಣಗಳೆಂದು ಎಣಿಸುತ್ತದೆ. ಆದರೂ ಜೈನನಾದ ಪಂಪನು ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದಲ್ಲಿ, ಸುಭದ್ರೆಗಾಗಿ ಪರಿತಪಿಸುತ್ತ ಅಲೆಯುವ ಅರ್ಜುನನಿಗೆ ಸೂಳೆಗೇರಿಯನ್ನೂ ಪಾನಗೋಷ್ಠಿಯನ್ನೂ ತೋರಿಸುತ್ತಾನೆ. ‘ಕುಡಿಯದ ಕವಿಗೆ ಇದೆಲ್ಲ ಹೇಗೆ ತಿಳಿಯಿತು, ಸರ್?’ ಎಂದು ತರಗತಿಯಲ್ಲಿ ಶಿಷ್ಯನು ಕೇಳಿದಾಗ, ಮಧುಪಾನವು ಅಷ್ಟಾದಶ ವರ್ಣನೆಗಳಲ್ಲೊಂದು, ದಂಡಿಯೇ ಅದನ್ನು ಹೇಳಿದ್ದಾನೆ ಎಂಬ ಉತ್ತರ ದೊರೆತಿತ್ತು. ಪರೀಕ್ಷೆಗೆ ಸಾಲುವ ಉತ್ತರವದು, ಹುಡುಗನಿಗೆ ಸಾಲಲಿಲ್ಲ.

ಒಳಗೆ ಮಂದ ಬೆಳಕು, ಮರದ ಪೀಠೋಪಕರಣ. ಐರ್ಲೆಂಡಿನ ಹಳ್ಳಿಗಳಲ್ಲಿ ಪಬ್ಬೆಂದರೆ ಅರ್ಧ ದಿನಸಿ ಅಂಗಡಿಯೇ ಆಗಿತ್ತೆಂದೂ, ಹೆಂಗಸರೂ ಪಾದ್ರಿಗಳೂ ಕಣ್ಮರೆಯಾಗಿ ಕುಡಿಯಲು ‘ಸ್ನಗ್’ ಎಂಬ ಪುಟ್ಟ ಗೂಡುಗಳಿದ್ದುವೆಂದೂ ಶಿಷ್ಯನು ವಿವರಿಸಿದನು. ಅದೇ ನಾಡಿನಲ್ಲಿ 1838ರಲ್ಲಿ ಫಾದರ್ ಮ್ಯಾಥ್ಯೂ ಪಾನತ್ಯಾಗದ ಪ್ರತಿಜ್ಞೆಗೆ ಜನರನ್ನು ಕರೆದರು. (ಅಣುವ್ರತಕ್ಕೆ ಇಷ್ಟು ಹತ್ತಿರದ ಬಂಧುವನ್ನು ನಮ್ಮವರು ಗಮನಿಸಿದ್ದು ಕಡಿಮೆ.) 1759ರಲ್ಲಿ ಆರಂಭವಾದ ಗಿನ್ನೆಸ್ ಬಿಯರನ್ನು ಮೀನಿನ ಗಾಳಿಚೀಲದಿಂದ ತೆಗೆದ ಅಂಟಿನಿಂದ ತಿಳಿಗೊಳಿಸುತ್ತಿದ್ದರು, ಈಚೆಗೆ ಅದನ್ನು ಕೈಬಿಟ್ಟಿದ್ದಾರೆ. ‘ಈಗ ಅಡ್ಡಿಯಿಲ್ಲ ಸರ್’ ಎಂದು ಶಿಷ್ಯನು ನಕ್ಕಾಗ, ಮದ್ಯವು ಅನೇಕ ಜೀವಗಳ ಯೋನಿಯೆಂಬ ಅಮೃತಚಂದ್ರರ ವಾದವನ್ನು ಗುರುಗಳು ನೆನಪಿಸಿದರು. ಹುದುಗಿಗೆ ಮೀನಿನ ಹಂಗಿಲ್ಲವಷ್ಟೆ.

ಪಕ್ಕದ ಮೇಜಿನಲ್ಲಿ ಒಬ್ಬನು ಹೇಳಿದ್ದನ್ನೇ ಹೇಳುತ್ತ, ನಗುತ್ತ, ಇದ್ದಕ್ಕಿದ್ದಂತೆ ಕಣ್ಣೊರೆಸಿಕೊಂಡನು. ಜೊತೆಯವರಾರೂ ಅದನ್ನು ಕಾಣಲಿಲ್ಲ. ನೀರಿನ ಲೋಟ ಹಿಡಿದಿದ್ದ ಅಧ್ಯಾಪಕರು ಕಂಡರು.

‘ಅರ್ಜುನ ಅಲ್ಲಿ ಕುಡಿಯಲು ಹೋದವನಲ್ಲ, ನೋಡುತ್ತ ಹೋದವನು’ ಎಂದರು ಬಹಳ ಹೊತ್ತಿನ ಮೇಲೆ. ‘ಅವನ ಅಮಲು ಬೇರೆ. ಪಂಪ ಆ ಕಣ್ಣನ್ನು ಸುಮ್ಮನೆ ಆರಿಸಿಕೊಂಡಿರಲಾರ. ಅಂದು ತರಗತಿಯಲ್ಲಿ ದಂಡಿಗೇ ನಿಲ್ಲಬಾರದಿತ್ತು.’

ಶಿಷ್ಯನು ಲೋಟವನ್ನು ಆಚೆ ಸರಿಸಿ, ಚೀಲದಿಂದ ಪೆನ್ನು ತೆಗೆದು, ಕಾಗದದ ಕರವಸ್ತ್ರದ ಮೇಲೆ ಆಶ್ವಾಸದ ಸಂಖ್ಯೆಯನ್ನು ಬರೆದುಕೊಂಡನು.