ಹಳೆಯ ಧ್ರುವ

ಮದುವೆಯಾದ ರಾತ್ರಿ ವರನು ವಧುವಿಗೆ ಧ್ರುವವನ್ನೂ ಅರುಂಧತಿಯನ್ನೂ ತೋರಿಸಬೇಕೆಂದು ಗೃಹ್ಯಸೂತ್ರಗಳು ವಿಧಿಸಿರುವವು. ಶಿರಹಟ್ಟಿಯ ಕಡೆಗೆ ಈಗ ಮುಹೂರ್ತಗಳೆಲ್ಲ ಬಹುಶಃ ಹಗಲಿನವೇ, ಪುರೋಹಿತರು ನಡುಹಗಲಲ್ಲಿ ಹಂದರದಾಚೆಗೆ ಬೆರಳು ಚಾಚಿ "ಕಂಡಿತೇನವ್ವಾ?" ಎನ್ನುವರು, ಹುಡುಗಿಯು ತಲೆಯಾಡಿಸುವಳು. ನಗುವವರು ನಗಲಿ. ವಿಚಾರಿಸತಕ್ಕ ಮಾತು ಬೇರೆಯೇ ಇರುವದು. ಕತ್ತಲಾದ ಮೇಲೆ ತೋರಿಸಿದರೂ ಪೂರ್ವಿಕರ ಧ್ರುವವು ಇದೇ ಹೌದೇ?

ಶಿರಹಟ್ಟಿಯಲ್ಲಿ ಗದಗಿನ ದಿಕ್ಕಿಗೆ ಮುಖಮಾಡಿ ನಿಂತರೆ ಈಗಿನ ಧ್ರುವವು ಕ್ಷಿತಿಜದಿಂದ ೧೫ ಅಂಶಗಳ ಮೇಲೆ, ಎಂದರೆ ನೀಡಿದ ತೋಳಿನ ಒಂದೂವರೆ ಮುಷ್ಟಿಯಷ್ಟು ಎತ್ತರದಲ್ಲಿ, ಕಾಣುವದು. ಊರಿನ ಅಕ್ಷಾಂಶವೇ ಅಷ್ಟು. ಆದರೆ ಭೂಮಿಯ ಅಕ್ಷವು ವೇಗ ಕುಂದಿದ ಬುಗುರಿಯಂತೆ ಓಲಾಡುತ್ತ ಸುಮಾರು ೨೫,೮೦೦ ವರ್ಷಗಳಿಗೊಂದು ಸುತ್ತು ಮುಗಿಸುವದು. ಅಯನಚಲನವೆಂಬುದು ಇದರ ಫಲವೇ. ಕ್ರಿಸ್ತಪೂರ್ವ ೨೮೦೦ರ ಸುಮಾರಿಗೆ ಅಕ್ಷದ ತುದಿಯು ಥುಬನ್ ಎಂಬ ಮಸುಕು ನಕ್ಷತ್ರದತ್ತ ಇದ್ದಿತು. ಅರಬ್ಬೀ ಭಾಷೆಯಲ್ಲಿ ಆ ಹೆಸರಿಗೆ ಹಾವೆಂದರ್ಥ. ಪಾಶ್ಚಾತ್ಯರು ಡ್ರಾಕೋ ಎನ್ನುವ ಸರ್ಪಾಕಾರದ ಪುಂಜದಲ್ಲಿ ಅದರ ವಾಸ.

ವೈಶಾಖ ಜ್ಯೇಷ್ಠಗಳಲ್ಲಿ, ಲಗ್ನಸರಾಯಿಯ ದಿನಗಳಲ್ಲಿಯೇ, ರಾತ್ರಿ ಒಂಬತ್ತು ಹತ್ತರ ವೇಳೆಗೆ ಅದನ್ನು ಹುಡುಕಬಹುದು. ಸಪ್ತರ್ಷಿಗಳಲ್ಲಿ ಅರುಂಧತಿಯ ಜೊತೆಗಾರನಾದ ವಸಿಷ್ಠನಿಂದ ಕೆಳಕ್ಕೆ, ಲಘುಸಪ್ತರ್ಷಿಯ ಬಟ್ಟಲಿನ ಅಂಚಿನ ಎರಡು ಪ್ರಕಾಶಮಾನ ತಾರೆಗಳ ಕಡೆಗೆ ಕಣ್ಣು ಹಾಯಿಸಿದರೆ ನಟ್ಟನಡುವೆ ಅದು ಇರುವದು. ಬೀದಿದೀಪಗಳಿಂದ ದೂರ ಹೋಗಬೇಕಾಗುವದು. ಶಿರಹಟ್ಟಿಯ ಆಕಾಶದಲ್ಲಿ ಅದು ೪೧ ಅಂಶಗಳವರೆಗೆ ಏರಿ, ಆಮೇಲೆ ಇಳಿದು ಕ್ಷಿತಿಜದ ಕೆಳಗೆ ಮುಳುಗುವದು. ಒಂದು ಕಾಲದಲ್ಲಿ ಕದಲದಿದ್ದ ನಕ್ಷತ್ರಕ್ಕೆ ಈಗ ಉದಯಾಸ್ತಗಳು ಬಂದಿವೆ.

ಸೂತ್ರಗಳ ಕಾಲದಲ್ಲಿ ಧ್ರುವಬಿಂದುವಿನ ಮೇಲೆ ಎದ್ದುಕಾಣುವ ನಕ್ಷತ್ರವಿರಲಿಲ್ಲ. ಆದುದರಿಂದ ಈ ಆಚಾರವು ಥುಬನ್ನಿನ ಕಾಲದಿಂದ ಬಂದುದೆಂದು ಜರ್ಮನಿಯ ಯಾಕೋಬಿ ಪಂಡಿತರು ವಾದಿಸಿದರು. ತಿಲಕರ 'ಓರಾಯನ್' ಪ್ರಕಟವಾದುದೂ ಆ ವಾದದ ಕಾಲಕ್ಕೇ, ೧೮೯೩ರಲ್ಲಿ. ಮರುವರ್ಷವೇ ಅಮೇರಿಕೆಯ ವ್ಹಿಟ್ನಿಯವರು ಇಬ್ಬರನ್ನೂ ಖಂಡಿಸಿದರು. ಚಲಿಸುವ ತಾರೆಗೆ ಧ್ರುವವೆಂದು ಯಾರು ಹೆಸರಿಟ್ಟಾರು ಎಂಬ ಪ್ರಶ್ನೆಗೆ ತೂಕವುಂಟು. ಆದರೂ ವೇದಕಾಲದ ನಿರ್ಣಯವನ್ನು ಒಂದು ವಿವಾಹವಿಧಿಯ ಮೇಲೆ ಹೇರುವದು ಅತಿಯಾದೀತು. ಅರವತ್ತು ವರ್ಷಗಳ ದಾಂಪತ್ಯದಲ್ಲಿ ಧ್ರುವಬಿಂದುವು ಸರಿಯುವದು ಚಂದ್ರಬಿಂಬದ ಅಗಲಕ್ಕಿಂತಲೂ ಕಡಿಮೆ. ನವವಧುವಿಗೆ ಬೇಕಾದ ಸ್ಥೈರ್ಯಕ್ಕೆ ಅಷ್ಟು ಸಾಕಾಗದೇ?

ಮಸುಕೆಂದಮಾತ್ರಕ್ಕೆ ಥುಬನ್ ಕಿರಿದಲ್ಲ. ಸುಮಾರು ೩೦೦ ಜ್ಯೋತಿರ್ವರ್ಷಗಳ ದೂರವೇ ಅದನ್ನು ಮಸುಕಾಗಿಸಿದೆ. ಒಡಲಿನ ಜಲಜನಕವನ್ನು ಉರಿಸಿ ಮುಗಿಸಿ ಉಬ್ಬಿದ ದೈತ್ಯ ನಕ್ಷತ್ರವದು. ಅದರ ವ್ಯಾಸವು ಸೂರ್ಯನದಕ್ಕಿಂತ ನಾಲ್ಕು ಪಟ್ಟಿಗೂ ಮಿಕ್ಕಿದುದು. ಅದು ಒಂಟಿಯೂ ಅಲ್ಲ. ಅದೂ ಅದರ ಸಂಗಾತಿಯೂ ೫೧ ದಿನಗಳಿಗೊಮ್ಮೆ ಒಂದನ್ನೊಂದು ಸುತ್ತಿ ಬರುವವು. ಸುತ್ತುವಾಗ ಅವು ಒಂದನ್ನೊಂದು ಮರೆಮಾಡುವವೆಂಬುದು ೨೦೧೮ರಲ್ಲಿ ಹಾರಿಸಿದ ಟೆಸ್ ಉಪಗ್ರಹದ ಅಳತೆಗಳಿಂದ ತಿಳಿದುಬಂದಿತು. ಆ ಗ್ರಹಣವು ಆರು ತಾಸಿನದು, ಬರಿಗಣ್ಣಿಗೆ ಗೊತ್ತಾಗುವಂಥದಲ್ಲ.