ಹಾಜರಿ ಪುಸ್ತಕಕ್ಕೆ ಕಾಣದ ನಷ್ಟ

ಕಚೇರಿಯ ಹಾಜರಿ ಪುಸ್ತಕವು ಬಹಳ ಸರಳ ಸ್ವಭಾವದ ವಸ್ತು. ಬಂದವನನ್ನು ಅದು ಬಂದನೆನ್ನುತ್ತದೆ, ಬಾರದವನನ್ನು ರಜೆಯೆನ್ನುತ್ತದೆ. ಅರೆತಲೆನೋವಿನಿಂದ ಒಂದೇ ಕಾಗದವನ್ನು ಮೂರು ಬಾರಿ ಓದುವ ಗುಮಾಸ್ತನೂ, ಸೊಂಟನೋವಿನಿಂದ ಕುರ್ಚಿಯಲ್ಲಿ ಕ್ಷಣಕ್ಕೊಮ್ಮೆ ಮಗ್ಗುಲು ಬದಲಿಸುವ ಲೆಕ್ಕಿಗನೂ ಅದರ ಪಾಲಿಗೆ ಪೂರ್ತಿ ಹಾಜರಾದವರೇ. ರಜೆಯ ದಿನಗಳನ್ನು ಮಾತ್ರ ಕೂಡಿಸಿ, ಕಾಯಿಲೆಯಿಂದಾದ ನಷ್ಟ ಇಷ್ಟೇ ಎನ್ನುವ ಮೇಲಧಿಕಾರಿಯು ನಷ್ಟದ ಒಂದು ಭಾಗವನ್ನಷ್ಟೇ ಕಂಡಿರುತ್ತಾನೆ.

ಉಳಿದ ಭಾಗವನ್ನು ಅಳೆಯುವುದು ಕೆಲವು ಉದ್ಯೋಗಗಳಲ್ಲಿ ಸುಲಭ. ಚಹಾ ತೋಟದಲ್ಲಿ ಕಿತ್ತ ಎಲೆಯನ್ನು ತೂಗಿದರಾಯಿತು. ಶ್ರೀಲಂಕೆಯ ತೋಟವೊಂದರಲ್ಲಿ ನಡೆದು 1979ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾರ್ಮಿಕರಲ್ಲಿ ಕೆಲವರಿಗೆ ಕಬ್ಬಿಣಾಂಶದ ಗುಳಿಗೆಯನ್ನೂ ಕೆಲವರಿಗೆ ಔಷಧವಿಲ್ಲದ ಬರಿಯ ಗುಳಿಗೆಯನ್ನೂ ಕೊಟ್ಟು, ಅವರು ಕಿತ್ತ ಎಲೆಯ ತೂಕವನ್ನು ಹೋಲಿಸಿದರು. ರಕ್ತ ಸುಧಾರಿಸಿದವರು ಹೆಚ್ಚು ಎಲೆ ಕಿತ್ತರು. ಮೊದಲು ರಕ್ತ ಬಹಳ ಕುಂದಿದ್ದವರಲ್ಲೇ ಈ ಹೆಚ್ಚಳ ಅಧಿಕವಾಗಿತ್ತು. ನೋಡುವ ಕಣ್ಣಿಗೆ ಸೋಮಾರಿತನವೆಂದು ತೋರುವುದು ಎಷ್ಟೋ ವೇಳೆ ರಕ್ತದ ಬಡತನವೇ ಆಗಿರುತ್ತದೆ.

ಕಾಗದಪತ್ರದ ಕೆಲಸಕ್ಕೆ ಅಂಥ ತಕ್ಕಡಿಯಿಲ್ಲ. ಅಲ್ಲಿ ಕೆಲಸಗಾರನನ್ನೇ ಕೇಳಬೇಕಾಗುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ರೊನಾಲ್ಡ್ ಕೆಸ್ಲರ್ ಮತ್ತು ಸಂಗಡಿಗರು ವಿಶ್ವ ಆರೋಗ್ಯ ಸಂಸ್ಥೆಗಾಗಿ ರಚಿಸಿ 2003ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯು, ಕಳೆದ 4 ವಾರಗಳ ತನ್ನ ಕೆಲಸಕ್ಕೆ 0ಯಿಂದ 10ರೊಳಗೆ ತಾನೇ ಅಂಕ ಕೊಟ್ಟುಕೊಳ್ಳುವಂತೆ ಅವನನ್ನು ಕೇಳುತ್ತದೆ. ಇಲ್ಲಿ ಒಂದು ತೊಡಕುಂಟು. ಸಂಬಳ ಕೊಡುವ ಕೈಗೇ ಉತ್ತರವೂ ಸೇರುವುದಾದರೆ, ತನಗೆ ತಾನೇ ನಾಲ್ಕು ಅಂಕ ಕೊಟ್ಟುಕೊಳ್ಳುವ ಧೈರ್ಯ ಯಾರಿಗಿದ್ದೀತು? ಅಳತೆ ನಿಜವಾಗಬೇಕಾದರೆ ಅಂಕದೊಡನೆ ಹೆಸರು ಸೇರಬಾರದು. ಅದರ ಫಲವು ಔಷಧವಾಗಿ, ವಿಶ್ರಾಂತಿಯಾಗಿ ಮರಳಬೇಕೇ ಹೊರತು ದಂಡವಾಗಿ ಅಲ್ಲ.

ಇನ್ನು, ಹಾಜರಿ ಪುಸ್ತಕವೇ ಇಲ್ಲದ ಕಚೇರಿಯೊಂದುಂಟು; ಅದು ಅಡಿಗೆಮನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷ ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿತ್ತು. ಮೆಟ್ಟಿಲೇರಿದರೆ ಏದುಸಿರು, ಒಲೆಯ ಮುಂದೆ ಕಣ್ಣಿಗೆ ಕತ್ತಲೆ. ಆದರೂ ಮನೆಯಾಕೆ ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಾಳೆ. ಕೆಲಸ ನಿಲ್ಲಲಿಲ್ಲವಾದ್ದರಿಂದ ಕಾಯಿಲೆಯೂ ಇಲ್ಲವೆಂದು ಉಳಿದವರು ತಿಳಿಯುತ್ತಾರೆ. ತೋಟದಲ್ಲಿ ಕುಂದನ್ನು ತಕ್ಕಡಿಯಾದರೂ ಹೇಳಿತು. ಮನೆಯಲ್ಲಿ ಅದನ್ನು ಕೇಳಿ ತಿಳಿದು, ರಕ್ತಪರೀಕ್ಷೆಗೆ ಕರೆದೊಯ್ಯಬೇಕಾದವರು ಆಕೆಯ ಕೈಯಡಿಗೆ ಉಂಡವರೇ.